ಗನ್ ಲೈಸೆನ್ಸ್ ಅರ್ಜಿಯಲ್ಲಿ ಹಳೆಯ ಕೇಸು: ಟೆಕ್ಸಾಸ್ ಕನ್ನಡಿಗರಿಗೊಂದು ಬಹಿರಂಗ ಪತ್ರ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್, ಸ್ಯಾನ್ ಆಂಟೋನಿಯೊ ಮತ್ತು ಆಸುಪಾಸಿನ ಊರುಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ ನಮಸ್ಕಾರ.

ಕೈಬಂದೂಕು ಜೊತೆಗಿಟ್ಟುಕೊಂಡು ಓಡಾಡುವ ಲೈಸೆನ್ಸಿನ ಅರ್ಜಿ ತುಂಬುವುದು ಕಷ್ಟದ ಕೆಲಸವೇನಲ್ಲ. ಹಿಂದೊಮ್ಮೆ ಪೊಲೀಸು, ಕೋರ್ಟು ಎಂದು ಅಲೆದವರಿಗೆ ಮಾತ್ರ ಒಂದು ಕಡೆ ಕೈ ತಡೆಯುತ್ತದೆ. ಆ ಹಳೆಯ ಕೇಸನ್ನು ಬರೆಯಬೇಕೋ ಬಿಡಬೇಕೋ? “ಅದು ಡಿಸ್ಮಿಸ್ ಆಯ್ತಲ್ಲ, ಯಾಕೆ ಕೆದಕ್ತೀಯ” ಎಂದು ಗೆಳೆಯರು ಹೇಳುತ್ತಾರೆ. “ನಿಮ್ಮ ಮೇಲೆ ಕನ್ವಿಕ್ಷನ್ ಇಲ್ಲ”, ಅಂದರೆ ದೋಷಿ ಎಂಬ ತೀರ್ಪಿಲ್ಲ, ಎಂದು ಅಂದಿನ ವಕೀಲರು ಹೇಳಿದ್ದೂ ನೆನಪಿಗೆ ಬರುತ್ತದೆ. ಈ ಮಾತುಗಳನ್ನು ನಂಬಿ ‘ಇಲ್ಲ’ ಎಂದು ತುಂಬಿದವರು, ಇದ್ದದ್ದನ್ನು ಬರೆದಿದ್ದರೆ ಸಿಗಬಹುದಾಗಿದ್ದ ಲೈಸೆನ್ಸನ್ನೂ ಕಳೆದುಕೊಳ್ಳುತ್ತಾರೆ. ಗ್ರೀನ್ ಕಾರ್ಡಿನಿಂದ ಪೌರತ್ವದ ಕಡೆಗೆ ಹೊರಟವರಿಗೆ ಪೆಟ್ಟು ಇನ್ನೂ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ನಾವು ಒತ್ತಿ ಹೇಳುವುದು ಇಷ್ಟು: ಮೊದಲು ಕೋರ್ಟಿನ ಕಾಗದ ತರಿಸಿಕೊಳ್ಳಿ, ಅದನ್ನು ಎದುರಿಗಿಟ್ಟುಕೊಂಡು ಅರ್ಜಿ ತುಂಬಿ, ನಡೆದದ್ದನ್ನೆಲ್ಲ ಬರೆಯಿರಿ. ಬಂದೂಕು ಇಟ್ಟುಕೊಳ್ಳುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವಿಲ್ಲಿ ಹೋಗುವುದಿಲ್ಲ.

ಲೈಸೆನ್ಸಿನ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1995ರ ಕಾನೂನಿನಂತೆ 1996ರ ಜನವರಿಯಿಂದ ಟೆಕ್ಸಾಸ್ ಕೊಡತೊಡಗಿದ್ದು ‘ಕನ್ಸೀಲ್ಡ್ ಹ್ಯಾಂಡ್‌ಗನ್ ಲೈಸೆನ್ಸ್’. 2016ರ ಜನವರಿ 1ರಿಂದ ಹೊರಗೆ ಕಾಣುವಂತೆ ಒಯ್ಯಲೂ ಅವಕಾಶವಾಯಿತು, ಹೆಸರು ‘ಲೈಸೆನ್ಸ್ ಟು ಕ್ಯಾರಿ’ ಎಂದು ಬದಲಾಯಿತು. ಎಲ್ಲರೂ ಎಲ್‌ಟಿಸಿ ಎನ್ನುತ್ತಾರೆ. 2021ರ ಸೆಪ್ಟೆಂಬರ್ 1ರಿಂದ, 21 ತುಂಬಿ ಕಾನೂನಿನ ಅಡ್ಡಿ ಇಲ್ಲದವರು ಲೈಸೆನ್ಸ್ ಇಲ್ಲದೆಯೂ ಕೈಬಂದೂಕು ಒಯ್ಯಬಹುದು. ಆದರೂ ಜನ ಎಲ್‌ಟಿಸಿ ಮಾಡಿಸುವುದಕ್ಕೆ ಕಾರಣಗಳಿವೆ. ಬೇರೆ ಹಲವು ರಾಜ್ಯಗಳು ಇದನ್ನು ಒಪ್ಪುತ್ತವೆ. ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ಎಫ್‌ಬಿಐ ತಪಾಸಣೆಯ ಬದಲಿಗೆ ಇದನ್ನು ತೋರಿಸಬಹುದು. ಶಾಲೆಗಳಿಂದ 1,000 ಅಡಿಯೊಳಗೆ ಬಂದೂಕು ಕೂಡದೆನ್ನುವ ಫೆಡರಲ್ ಕಾನೂನಿನಲ್ಲಿ ರಾಜ್ಯದ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ. ಕೊಡುವವರು ಡಿಪಾರ್ಟ್‌ಮೆಂಟ್ ಆಫ್ ಪಬ್ಲಿಕ್ ಸೇಫ್ಟಿ, ಅಂದರೆ ಡಿಪಿಎಸ್. ಶುಲ್ಕ 40 ಡಾಲರ್. ಆನ್‌ಲೈನ್ ಅರ್ಜಿ, ಐಡೆಂಟೊಗೋ ಕೇಂದ್ರದಲ್ಲಿ ಬೆರಳಚ್ಚು, 4ರಿಂದ 6 ಗಂಟೆಯ ತರಗತಿ, ರೇಂಜಿನಲ್ಲಿ 50 ಗುಂಡಿನ ಪರೀಕ್ಷೆ: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಒಟ್ಟು 250 ಅಂಕಕ್ಕೆ 175 ಬಂದರೆ ಪಾಸು. ಇದಿಷ್ಟೂ ಸಲೀಸು.

ಎಚ್-1ಬಿ, ಎಚ್-4, ಎಲ್-1, ಎಫ್-1 ವೀಸಾದಲ್ಲಿರುವವರು ಮಾತ್ರ ಇಲ್ಲೇ ನಿಂತು ಯೋಚಿಸಬೇಕು. ನಿಮ್ಮ ಮೇಲೆ ಒಂದು ಕೇಸೂ ಇಲ್ಲದಿದ್ದರೂ ಫೆಡರಲ್ ಕಾನೂನಿನ 18ನೇ ಶೀರ್ಷಿಕೆಯ 922(ಜಿ)(5) ಕಲಮು ನಾನ್‌ಇಮಿಗ್ರಂಟ್ (ತಾತ್ಕಾಲಿಕ) ವೀಸಾದಲ್ಲಿ ಬಂದವರು ಬಂದೂಕಾಗಲಿ ಗುಂಡಾಗಲಿ ಹೊಂದಿರುವುದನ್ನೇ ನಿಷೇಧಿಸುತ್ತದೆ. 2022ರ ತಿದ್ದುಪಡಿಯ ನಂತರ ಶಿಕ್ಷೆ 15 ವರ್ಷದವರೆಗೆ ಹೋಗಬಹುದು. ಬಾಡಿಗೆಗೆ ಪಡೆದ ಗನ್ನನ್ನು ರೇಂಜಿನಲ್ಲಿ ಅರ್ಧ ಗಂಟೆ ಹಿಡಿದರೂ ಹೊಂದಿದಂತೆಯೇ. ಎಂದರೆ ಲೈಸೆನ್ಸಿನ ಗುಂಡಿನ ಪರೀಕ್ಷೆಯೇ ಅಪರಾಧವಾಗಿಬಿಡಬಹುದು. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದ ರಿಹೈಫ್ ಪ್ರಕರಣದ ಮೂಲ ಇಂಥದ್ದೇ. ವಿದ್ಯಾರ್ಥಿ ವೀಸಾದಲ್ಲಿ ಬಂದು, ಫ್ಲೋರಿಡಾದ ಕಾಲೇಜಿನಿಂದ ಹೊರಬಿದ್ದು, ವೀಸಾ ಸ್ಥಿತಿ ಕಳೆದುಕೊಂಡಿದ್ದವರೊಬ್ಬರು ಶೂಟಿಂಗ್ ರೇಂಜಿಗೆ ಹೋಗಿ ಗುಂಡು ಹೊಡೆದದ್ದರ ಮೇಲೆ ಹೂಡಿದ ಮೊಕದ್ದಮೆ ಅದು. ತಾನು ನಿಷೇಧಿತ ವರ್ಗಕ್ಕೆ ಸೇರಿದ್ದೇನೆಂದು ಆರೋಪಿಗೆ ತಿಳಿದಿತ್ತು ಎಂಬುದನ್ನು ಸರ್ಕಾರ ಸಾಬೀತು ಮಾಡಬೇಕು ಎಂದು ಕೋರ್ಟು ಹೇಳಿತು, ನಿಷೇಧವನ್ನೇನೂ ತೆಗೆದುಹಾಕಲಿಲ್ಲ. ಬೇಟೆಯ ಲೈಸೆನ್ಸ್ ಇರುವ ವೀಸಾದಾರರಿಗೆ ವಿನಾಯಿತಿ ಇದೆ, ನಿಜ. ಆದರೆ ಟೆಕ್ಸಾಸ್ ಬೇಟೆ ಲೈಸೆನ್ಸು ಪ್ರತಿ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹೊಸದು ಮಾಡಿಸದಿದ್ದರೆ ಸೆಪ್ಟೆಂಬರ್ 1ರಂದು ಮನೆಯಲ್ಲಿರುವ ಬಂದೂಕೇ ಅಪರಾಧ. ಆ ಒಂದು ಕಾಗದದ ಮೇಲೆ ಇಡೀ ಸಂಸಾರದ ಭವಿಷ್ಯ ನಿಲ್ಲಿಸಬೇಡಿ. ಇಮಿಗ್ರೇಶನ್ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ಇಲ್ಲಿಂದ ಮುಂದೆ ಬರೆಯುವುದು ಮುಖ್ಯವಾಗಿ ಗ್ರೀನ್ ಕಾರ್ಡಿನವರಿಗೆ ಮತ್ತು ಪೌರರಿಗೆ.

ಅರ್ಜಿ ಏನು ಕೇಳುತ್ತದೆ ಎಂಬುದನ್ನು ಸರಿಯಾಗಿ ಓದಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಟೆಕ್ಸಾಸ್ ಗವರ್ನಮೆಂಟ್ ಕೋಡಿನ 411.174ನೇ ಕಲಮಿನ ಪ್ರಕಾರ ಅರ್ಜಿದಾರರು ಕೊಡಬೇಕಾದದ್ದು ತಾವು ಅರೆಸ್ಟಾದ, ಆರೋಪ ಹೊತ್ತ ಅಥವಾ ದೋಷಾರೋಪಣೆ ಎದುರಿಸಿದ ಅಪರಾಧಗಳ ಪಟ್ಟಿ ಮತ್ತು ಪ್ರತಿಯೊಂದೂ ಹೇಗೆ ಮುಗಿಯಿತು ಎಂಬ ವಿವರ. ಶಿಕ್ಷೆಯಾಗಿತ್ತೇ ಎಂಬುದು ಅದರಲ್ಲಿ ಒಂದು ತುಣುಕು ಮಾತ್ರ. ಕೇಸು ಬಿದ್ದುಹೋಗಿದ್ದರೆ ‘ಬಿದ್ದುಹೋಯಿತು’ ಎನ್ನುವುದೇ ಉತ್ತರ. ಕೇಸೇ ಇರಲಿಲ್ಲ ಎನ್ನುವುದು ಉತ್ತರವಾಗದು. ಕೈಕೋಳ ಹಾಕಲಿಲ್ಲ, ಒಂದು ಚೀಟಿ ಕೊಟ್ಟು ಕೋರ್ಟಿಗೆ ಬಾ ಎಂದರು ಅಷ್ಟೇ ಎನ್ನುವವರಿದ್ದಾರೆ. ಆರೋಪ ದಾಖಲಾಗಿದ್ದರೆ ಅದೂ ಪಟ್ಟಿಯಲ್ಲಿ ಬರಬೇಕು. ಇದರ ಜೊತೆಗೆ ಕಳೆದ 5 ವರ್ಷದಲ್ಲಿ ಮದ್ಯ, ಮಾದಕ ವ್ಯಸನದ ಚಿಕಿತ್ಸಾ ಕೇಂದ್ರದಲ್ಲಿ ಇದ್ದದ್ದನ್ನೂ, ಮಾನಸಿಕ ಆಸ್ಪತ್ರೆಗೆ ಎಂದಾದರೂ ಸೇರಿದ್ದನ್ನೂ ಕೇಳುತ್ತಾರೆ. ನಮ್ಮವರು ಮರೆಮಾಚಲು ಹೊರಡುವುದು ಹೆಚ್ಚಾಗಿ ಇದನ್ನೇ. ಊರಲ್ಲಿ ಗೊತ್ತಾದರೆ ಎಂಬ ಅಂಜಿಕೆ ಅರ್ಥವಾಗುತ್ತದೆ, ಆದರೆ ಅರ್ಜಿ ಹೋಗುವುದು ಡಿಪಿಎಸ್‌ಗೆ, ಊರಿಗಲ್ಲ.

ಈಗ ಪತ್ರದ ಮುಖ್ಯ ಭಾಗಕ್ಕೆ ಬರೋಣ. ‘ಡಿಫರ್ಡ್ ಅಡ್ಜುಡಿಕೇಶನ್’ ಎಂಬ ಏರ್ಪಾಡು ಟೆಕ್ಸಾಸ್ ಕೋರ್ಟುಗಳಲ್ಲಿ ಬಹಳ ಬಳಕೆಯಲ್ಲಿದೆ. ಆರೋಪಿ ತಪ್ಪೊಪ್ಪಿಕೊಳ್ಳುತ್ತಾರೆ, ನ್ಯಾಯಾಧೀಶರು ದೋಷಿ ಎಂದು ತೀರ್ಪು ಕೊಡದೆ ತಡೆಹಿಡಿದು, ಆರು ತಿಂಗಳೋ ವರ್ಷವೋ ಷರತ್ತು ಹಾಕುತ್ತಾರೆ. ಷರತ್ತು ಪಾಲಿಸಿದರೆ ಕೇಸು ಡಿಸ್ಮಿಸ್. ಇದನ್ನು ಮೂರು ಕಾನೂನುಗಳು ಮೂರು ಬಗೆಯಾಗಿ ನೋಡುತ್ತವೆ. ಬಂದೂಕು ಕೊಳ್ಳುವಾಗಿನ ಫೆಡರಲ್ ಕಾನೂನು ಸಾಮಾನ್ಯವಾಗಿ ಇದನ್ನು ಶಿಕ್ಷೆಯೆಂದು ಎಣಿಸುವುದಿಲ್ಲ, ಏಕೆಂದರೆ ಅಲ್ಲಿ ಟೆಕ್ಸಾಸ್‌ನ ಸಾಮಾನ್ಯ ನಿಯಮವೇ ಅಳತೆ. ಎಲ್‌ಟಿಸಿ ಕಾನೂನಿನ 411.171ನೇ ಕಲಮು ಮಾತ್ರ ಡಿಫರ್ಡ್ ಆದೇಶವನ್ನೂ ‘ಕನ್ವಿಕ್ಷನ್’ ಎಂದೇ ಲೆಕ್ಕಕ್ಕೆ ಹಿಡಿಯುತ್ತದೆ, ಆಮೇಲೆ ಡಿಸ್ಮಿಸ್ ಆಗಿದ್ದರೂ ಸರಿ. ಮೂರನೆಯದು ಇಮಿಗ್ರೇಶನ್ ಕಾನೂನು. ತಪ್ಪೊಪ್ಪಿಗೆ ಇದ್ದು, ನ್ಯಾಯಾಧೀಶರು ಯಾವುದೇ ಬಗೆಯ ದಂಡ ಅಥವಾ ನಿರ್ಬಂಧ ಹೇರಿದ್ದರೆ ಅದಕ್ಕೆ ಅದು ಕನ್ವಿಕ್ಷನ್ನೇ, ಎಷ್ಟು ವರ್ಷ ಕಳೆದರೂ.

ಒಂದು ಉದಾಹರಣೆ ಕಟ್ಟಿ ನೋಡೋಣ. 2022ರ ಮಾರ್ಚಿನಲ್ಲಿ ಅಂಗಡಿಯೊಂದರಿಂದ 300 ಡಾಲರಿನ ವಸ್ತು ಹಣ ಕೊಡದೆ ತಂದ ಆರೋಪ. ಟೆಕ್ಸಾಸ್‌ನಲ್ಲಿ 100 ಡಾಲರಿಗಿಂತ ಕಡಿಮೆಯ ಕಳವು ಕ್ಲಾಸ್ ಸಿ (ಸಣ್ಣ ಅಪರಾಧಗಳಲ್ಲಿ ಅತಿ ಹಗುರದ ದರ್ಜೆ), 100ರಿಂದ 750ರೊಳಗೆ ಕ್ಲಾಸ್ ಬಿ, 750ರಿಂದ 2,500ರೊಳಗೆ ಕ್ಲಾಸ್ ಎ, ಅದಕ್ಕೂ ಮೇಲೆ ಫೆಲನಿ, ಅಂದರೆ ಗಂಭೀರ ಅಪರಾಧ. ಇದು ಕ್ಲಾಸ್ ಬಿ. ಅದೇ ತಿಂಗಳು ಡಿಫರ್ಡ್ ಆದೇಶ, ಡಿಸೆಂಬರಿನಲ್ಲಿ ಡಿಸ್ಮಿಸ್. ಕ್ಲಾಸ್ ಎ ಮತ್ತು ಬಿ ಅಪರಾಧಗಳಿಗೆ ಎಲ್‌ಟಿಸಿಯ ತಡೆ 5 ವರ್ಷ. ಅದನ್ನು ಎಣಿಸುವುದು ಡಿಫರ್ಡ್ ಆದೇಶದ ದಿನದಿಂದ. ಎಂದರೆ 2027ರ ಮಾರ್ಚಿನವರೆಗೆ ಅರ್ಹತೆಯಿಲ್ಲ. 2025ರಲ್ಲಿ ಅರ್ಜಿ ಹಾಕಿ ಎಲ್ಲವನ್ನೂ ಬರೆದರೆ ಅರ್ಜಿ ತಿರಸ್ಕಾರವಾಗಿ 40 ಡಾಲರು ಹೋಗುತ್ತದೆ. ಬರೆಯದೆ ಹಾಕಿದರೆ ಹಳೆಯ ಕೇಸಿನ ಮೇಲೆ ‘ಮುಖ್ಯ ಸಂಗತಿ ಮುಚ್ಚಿಟ್ಟದ್ದು’ ಎಂಬ ಹೊಸ ದೋಷ ಸೇರುತ್ತದೆ. 2027ರ ಏಪ್ರಿಲಿನಲ್ಲಿ ಹಾಕಿ ಎಲ್ಲವನ್ನೂ ಬರೆದರೆ ಆ ಕೇಸು ಅಡ್ಡಿಯಾಗುವುದಿಲ್ಲ. ಕಾಯುವುದಷ್ಟೇ ಬೇಕಾಗಿದ್ದ ಕಡೆ ಸುಳ್ಳು ಬರೆದು ಕೆಡಿಸಿಕೊಳ್ಳುವುದು ಎಂಥ ನಷ್ಟ ನೋಡಿ. ಅದೇ ವ್ಯಕ್ತಿಯ ಪೌರತ್ವದ ಅರ್ಜಿಯಲ್ಲಿ ಅದೇ ಕೇಸು ಬೇರೆ ರೂಪ ತಾಳುತ್ತದೆ. ಕಳವು ನೈತಿಕ ಅಧಃಪತನದ ಅಪರಾಧವೆಂದು ಎಣಿಕೆಯಾಗುವುದರಿಂದ ಅಲ್ಲಿ ಇಮಿಗ್ರೇಶನ್ ವಕೀಲರ ನೆರವು ಬೇಕೇ ಬೇಕು.

ಫೆಲನಿ ಶಿಕ್ಷೆಯಾಗಿದ್ದರೆ ಎಲ್‌ಟಿಸಿ ಬಾಗಿಲು ಮುಚ್ಚಿದಂತೆಯೇ. ಫೆಲನಿಯಲ್ಲಿ ಡಿಫರ್ಡ್ ಆದೇಶವಾಗಿ 10 ವರ್ಷ ಕಳೆದಿದ್ದರೆ 411.1711ನೇ ಕಲಮು ಅದನ್ನು ಲೆಕ್ಕದಿಂದ ಬಿಡುತ್ತದೆ. ಆದರೆ ವ್ಯಕ್ತಿಯ ಮೇಲಿನ ಅಪರಾಧಗಳು, ದರೋಡೆ, ರಕ್ಷಣಾ ಆದೇಶದ (ಒಬ್ಬರಿಂದ ಇನ್ನೊಬ್ಬರನ್ನು ಕಾಪಾಡಲು ಕೋರ್ಟು ಕೊಡುವ ಆದೇಶ) ಉಲ್ಲಂಘನೆ ಮುಂತಾದವುಗಳಿಗೆ ಆ ರಿಯಾಯಿತಿ ಇಲ್ಲ. ಕ್ಲಾಸ್ ಸಿ ಅಪರಾಧಗಳು ಅರ್ಹತೆಗೆ ಅಡ್ಡಿಯಲ್ಲ, ಪೀನಲ್ ಕೋಡಿನ 42.01ರ ‘ಡಿಸಾರ್ಡರ್ಲಿ ಕಂಡಕ್ಟ್’ ಒಂದನ್ನು ಬಿಟ್ಟು. ಬೀದಿಯಲ್ಲಿ ಕೂಗಾಡಿದ್ದಕ್ಕೆ ಬಿದ್ದ ದಂಡ ಎಂದು ಮರೆತವರು ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ, ಏಕೆಂದರೆ ಅದಕ್ಕೂ 5 ವರ್ಷದ ತಡೆ ಇದೆ. ವೇಗಮಿತಿ ಮೀರಿದ ಟಿಕೆಟ್ಟುಗಳಿಗೆ ಹೆದರುವ ಕಾರಣವಿಲ್ಲ.

ನಮ್ಮ ಜನರ ನಡುವೆ ಮತ್ತೆ ಮತ್ತೆ ಕೇಳಿಬರುವ ಎರಡು ಬಗೆಯ ಕೇಸುಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಒಂದು ಕುಡಿದು ಗಾಡಿ ಓಡಿಸಿದ್ದು, ಡಿಡಬ್ಲ್ಯುಐ. ಮೊದಲ ಸಲಕ್ಕೆ ಕ್ಲಾಸ್ ಬಿ, ರಕ್ತದಲ್ಲಿ ಮದ್ಯದ ಪ್ರಮಾಣ 0.15 ಅಥವಾ ಹೆಚ್ಚಿದ್ದರೆ ಕ್ಲಾಸ್ ಎ. 2019ರ ಸೆಪ್ಟೆಂಬರ್ 1ಕ್ಕೂ ಹಿಂದೆ ಇದಕ್ಕೆ ಡಿಫರ್ಡ್ ಸೌಲಭ್ಯ ಇರಲಿಲ್ಲ. ಆದ್ದರಿಂದ ವಕೀಲರು ಮಾತುಕತೆ ನಡೆಸಿ ಡಿಡಬ್ಲ್ಯುಐ ಕೈಬಿಡಿಸಿ ‘ಅಬ್‌ಸ್ಟ್ರಕ್ಟಿಂಗ್ ಎ ಹೈವೇ’, ಅಂದರೆ ರಸ್ತೆಗೆ ಅಡ್ಡಿ ಮಾಡಿದ ಆರೋಪಕ್ಕೆ ತಪ್ಪೊಪ್ಪಿಸಿ ಮುಗಿಸುವುದಿತ್ತು. ಅದೂ ಕ್ಲಾಸ್ ಬಿ. ಹೀಗೆ ಮುಗಿಸಿಕೊಂಡವರು ಅರ್ಜಿಯಲ್ಲಿ ‘ಡಿಡಬ್ಲ್ಯುಐ, ಡಿಸ್ಮಿಸ್’ ಎಂದಷ್ಟೇ ಬರೆದು ಎರಡನೆಯದನ್ನು ಬಿಡುತ್ತಾರೆ, ಇಲ್ಲವೇ ಎರಡನೆಯದನ್ನು ಬರೆದು ಮೊದಲನೆಯದನ್ನು ಬಿಡುತ್ತಾರೆ. ಬೆರಳಚ್ಚಿನ ದಾಖಲೆಯಲ್ಲಿ ಅರೆಸ್ಟಿನ ಕಾರಣ ಡಿಡಬ್ಲ್ಯುಐ ಎಂದೂ, ಕೋರ್ಟಿನ ದಾಖಲೆಯಲ್ಲಿ ಮುಕ್ತಾಯ ಬೇರೆ ಅಪರಾಧದಲ್ಲೆಂದೂ ಇರುತ್ತದೆ. ಎರಡೂ ನಿಮ್ಮ ಅರ್ಜಿಯಲ್ಲಿ ಜೊತೆಯಾಗಿ ಕಾಣಬೇಕು. ಇನ್ನೊಂದು ಮಾತು: ಮದ್ಯ ಅಥವಾ ಮಾದಕ ವಸ್ತು ಅಪರಾಧದ ಅಂಶವಾಗಿರುವ, ಕ್ಲಾಸ್ ಬಿ ಅಥವಾ ಮೇಲ್ಪಟ್ಟ ಕನ್ವಿಕ್ಷನ್ 10 ವರ್ಷದೊಳಗೆ ಎರಡು ಸಲ ಆಗಿದ್ದರೆ ಎಲ್‌ಟಿಸಿ ಕಾನೂನು ಅವರನ್ನು ವ್ಯಸನಿ ಎಂದೇ ಪರಿಗಣಿಸುತ್ತದೆ. ಅಲ್ಲಿ 5 ವರ್ಷದ ಲೆಕ್ಕ ಸಾಲದು, 10 ನೋಡಬೇಕು.

ಇನ್ನೊಂದು ಮನೆಯೊಳಗಿನ ಜಗಳ. ಗಂಡ ಹೆಂಡಿರ ಮಾತು ಬೆಳೆದು ಯಾರೋ 911ಕ್ಕೆ ಫೋನ್ ಮಾಡುತ್ತಾರೆ, ಪೊಲೀಸರು ಒಬ್ಬರನ್ನು ಕರೆದೊಯ್ಯುತ್ತಾರೆ. ಮರುದಿನ “ಕಂಪ್ಲೇಂಟ್ ವಾಪಸ್ ತಗೋತೀನಿ” ಎಂದರೆ ಮುಗಿಯುವುದಿಲ್ಲ. ಕೇಸು ನಡೆಸುವ, ಬಿಡುವ ಅಧಿಕಾರ ಸರ್ಕಾರಿ ವಕೀಲರದ್ದು. ಕುಟುಂಬದವರಿಗೆ ಗಾಯ ಮಾಡಿದ ಹಲ್ಲೆ ಸಾಮಾನ್ಯವಾಗಿ ಕ್ಲಾಸ್ ಎ. ಇದರಲ್ಲಿ ಶಿಕ್ಷೆಯಾದರೆ 1996ರಲ್ಲಿ ಬಂದ ಫೆಡರಲ್ ತಿದ್ದುಪಡಿಯಂತೆ ಗಂಡ, ಹೆಂಡತಿ, ಮಕ್ಕಳ ಮೇಲಿನ ಹಲ್ಲೆಗೆ ಬಂದೂಕಿನ ನಿಷೇಧ ಜೀವನಪೂರ್ತಿ; ಕ್ಷಮಾದಾನವೋ ಶಿಕ್ಷೆ ರದ್ದೋ ಆಗದ ಹೊರತು 5 ವರ್ಷ ಕಾದು ಪ್ರಯೋಜನವಿಲ್ಲ. ರಕ್ಷಣಾ ಆದೇಶ ಜಾರಿಯಲ್ಲಿದ್ದರೆ ಅರ್ಜಿಯನ್ನೇ ಹಾಕುವಂತಿಲ್ಲ. ಡಿಫರ್ಡ್ ಆಗಿದ್ದರೂ ಕೌಟುಂಬಿಕ ಹಿಂಸೆಯ ಕೇಸನ್ನು ಟೆಕ್ಸಾಸ್‌ನಲ್ಲಿ ಸಾರ್ವಜನಿಕರ ಕಣ್ಣಿನಿಂದ ಮುಚ್ಚಿಸಲೂ ಆಗದು. ಗ್ರೀನ್ ಕಾರ್ಡಿನವರಿಗೆ ಇದು ಗಡೀಪಾರಿಗೂ ದಾರಿಯಾಗಬಲ್ಲ ಅಪರಾಧ. ಅರೆಸ್ಟಾಗಿ ಕೇಸೇ ದಾಖಲಾಗದೆ ಬಿಟ್ಟಿದ್ದರೂ ಅರ್ಜಿಯಲ್ಲಿ ಬರೆಯಿರಿ, ಸರ್ಕಾರಿ ವಕೀಲರ ಕಚೇರಿ ಕೇಸನ್ನು ಕೈಗೆತ್ತಿಕೊಳ್ಳಲಿಲ್ಲ ಎಂಬ ಪತ್ರವನ್ನು ಜೊತೆಗಿಡಿ.

ಕಾಗದಗಳನ್ನು ಎಲ್ಲಿಂದ ತರಿಸುವುದು? ಸಾಮಾನ್ಯವಾಗಿ ಫೆಲನಿ ಕೇಸಿಗೆ ಕೌಂಟಿಯ ಡಿಸ್ಟ್ರಿಕ್ಟ್ ಕ್ಲರ್ಕ್, ಕ್ಲಾಸ್ ಎ ಮತ್ತು ಬಿಗೆ ಕೌಂಟಿ ಕ್ಲರ್ಕ್, ಕ್ಲಾಸ್ ಸಿಗೆ ಆಯಾ ಊರಿನ ಮುನಿಸಿಪಲ್ ಕೋರ್ಟು ಅಥವಾ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟು. ಹ್ಯೂಸ್ಟನ್ನಿನ ಹ್ಯಾರಿಸ್ ಕೌಂಟಿಯಲ್ಲಿ ಕ್ಲಾಸ್ ಎ, ಬಿ ಕಡತಗಳೂ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿಯೇ ಇವೆ. ಫ್ರಿಸ್ಕೊದಂಥ ಊರು ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿಕೊಂಡಿದೆ; ನಿಮ್ಮ ಮನೆ ಯಾವ ಕೌಂಟಿ ಎಂಬುದಕ್ಕಿಂತ ಘಟನೆ ನಡೆದ ಜಾಗ ಯಾವ ಕೌಂಟಿ ಎಂದು ನೋಡಿ. ಕೇಳಬೇಕಾದದ್ದು ಮುದ್ರೆ ಹಾಕಿದ ದೃಢೀಕೃತ ಪ್ರತಿ. ಕೋರ್ಟಿನ ವೆಬ್‌ಸೈಟಿನಿಂದ ತೆಗೆದ ಪ್ರಿಂಟ್ ಕೆಲಸಕ್ಕೆ ಬಾರದು. ಆರೋಪಪಟ್ಟಿ, ತೀರ್ಪು ಅಥವಾ ಡಿಫರ್ಡ್ ಆದೇಶ, ಕೊನೆಯಲ್ಲಿ ಬಿಡುಗಡೆ ಮತ್ತು ಡಿಸ್ಮಿಸ್ ಆದೇಶ, ಈ ಮೂರೂ ಬೇಕು. ಮೂರನೆಯದನ್ನು ತರಿಸುವುದನ್ನು ಬಹಳ ಜನ ಮರೆಯುತ್ತಾರೆ.

ಇದರ ಜೊತೆಗೆ ನಿಮ್ಮ ಬಗ್ಗೆ ಸರ್ಕಾರದ ಬಳಿ ಏನಿದೆ ಎಂದು ನೀವೇ ಮೊದಲು ನೋಡಿಕೊಳ್ಳಿ. ಬೆರಳಚ್ಚು ಕೊಟ್ಟು ಡಿಪಿಎಸ್‌ನಿಂದ ನಿಮ್ಮ ಸ್ವಂತ ದಾಖಲೆಯನ್ನು ಪಡೆಯಬಹುದು, ಎಫ್‌ಬಿಐನಿಂದ 18 ಡಾಲರಿಗೆ ‘ಐಡೆಂಟಿಟಿ ಹಿಸ್ಟರಿ ಸಮ್ಮರಿ’ ತರಿಸಬಹುದು. ಬೇರೆ ರಾಜ್ಯದಲ್ಲಿ ಓದಿ, ಕೆಲಸ ಮಾಡಿ ಟೆಕ್ಸಾಸಿಗೆ ಬಂದವರಿಗೆ ಎರಡನೆಯದು ಬಹಳ ಮುಖ್ಯ. ಇವುಗಳಲ್ಲಿ ಆಗಾಗ ಕಾಣುವ ತೊಂದರೆ ಎಂದರೆ ಅರೆಸ್ಟು ದಾಖಲಾಗಿದ್ದು ಮುಕ್ತಾಯದ ಜಾಗ ಖಾಲಿ ಇರುವುದು. ಕೌಂಟಿಯಿಂದ ಮಾಹಿತಿ ಮೇಲಕ್ಕೆ ಹೋಗಿರುವುದಿಲ್ಲ. ಹಾಗಿದ್ದಾಗ ಡಿಪಿಎಸ್ ಕಣ್ಣಿಗೆ ನಿಮ್ಮ ಕೇಸು ಇನ್ನೂ ನಡೆಯುತ್ತಿದೆ, ಮತ್ತು ಕ್ಲಾಸ್ ಎ, ಬಿ ಅಥವಾ ಫೆಲನಿ ಆರೋಪ ಬಾಕಿಯಿರುವವರಿಗೆ ಲೈಸೆನ್ಸ್ ಇಲ್ಲ. ದೃಢೀಕೃತ ಪ್ರತಿ ಕೈಯಲ್ಲಿದ್ದರೆ ಅಪ್‌ಲೋಡ್ ಮಾಡಿ ಮುಗಿಸಬಹುದು. ಇಲ್ಲದಿದ್ದರೆ ತಿಂಗಳುಗಟ್ಟಲೆ ಪತ್ರ ವ್ಯವಹಾರ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಬೇರೆಯದೇ ಕಷ್ಟ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದವರು, ಇನಿಷಿಯಲ್ಲನ್ನು ಬಿಡಿಸಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಮಾಡಿಕೊಂಡವರು, ಮದುವೆಯ ನಂತರ ಬದಲಿಸಿಕೊಂಡವರು ಇದ್ದಾರೆ. ಅರೆಸ್ಟಿನ ದಿನ ಪೊಲೀಸರು ಯಾವ ಹೆಸರು ಬರೆದುಕೊಂಡರೋ ಕೋರ್ಟಿನ ಕಡತವೂ ಅದರಡಿಯಲ್ಲೇ ಇರುತ್ತದೆ. ನಿಮ್ಮ ಈಗಿನ ಹೆಸರಿನಲ್ಲಿ ಹುಡುಕಿ ‘ಏನೂ ಸಿಗಲಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಬೆರಳಚ್ಚಿಗೆ ಹೆಸರಿನ ಹಂಗಿಲ್ಲ. ಬಳಸಿದ ಎಲ್ಲ ಹೆಸರುಗಳನ್ನೂ ಅರ್ಜಿಯಲ್ಲಿ ಕೊಡಿ, ಹುಟ್ಟಿದ ದಿನಾಂಕದಿಂದಲೂ ಹುಡುಕಿಸಿ.

ಬರೆಯುವ ಕ್ರಮ ಹೀಗಿರಲಿ: ಅರೆಸ್ಟಾದ ದಿನಾಂಕ, ಅರೆಸ್ಟು ಮಾಡಿದ ಪೊಲೀಸ್ ಇಲಾಖೆ, ಕೌಂಟಿ, ಆರೋಪ ಮತ್ತು ಅದರ ಕ್ಲಾಸು, ಕೋರ್ಟು, ಕಾಸ್ ನಂಬರು (ಕೋರ್ಟಿನ ಕೇಸು ಸಂಖ್ಯೆ), ಆದೇಶ ಏನು ಮತ್ತು ಯಾವ ದಿನ, ಆರೋಪ ಬದಲಾಗಿದ್ದರೆ ಯಾವುದಕ್ಕೆ, ಷರತ್ತು ಮುಗಿದು ಕೇಸು ಕೊನೆಗೊಂಡ ದಿನ. ಇಷ್ಟೇ. ಪೊಲೀಸರು ಅನ್ಯಾಯ ಮಾಡಿದರು, ನಾನು ಅಂದು ಕುಡಿದೇ ಇರಲಿಲ್ಲ ಎಂಬ ವಿವರಣೆ ಇಲ್ಲಿ ಬೇಡ. ಮೊದಲನೆಯದಾಗಿ ಅದರಿಂದ ಅರ್ಹತೆ ಬದಲಾಗುವುದಿಲ್ಲ. ಎರಡನೆಯದಾಗಿ, ಇಲ್ಲಿ ಸಹಿ ಮಾಡಿ ಬರೆದದ್ದು ನಾಳೆ ಪೌರತ್ವದ ಸಂದರ್ಶನದಲ್ಲಿ ನಿಮ್ಮ ಮಾತಿಗೆ ಎದುರಾಗಿ ನಿಲ್ಲಬಹುದು. ಸಿಟ್ಟು, ನಾಚಿಕೆ ಎರಡನ್ನೂ ಬದಿಗಿಟ್ಟು ಕಾಗದದಲ್ಲಿರುವ ಪದವನ್ನೇ ಇಳಿಸಿ.

ದಾಖಲೆ ಅಳಿಸಿದವರ ಪ್ರಶ್ನೆ ಸೂಕ್ಷ್ಮವಾದದ್ದು. ‘ಎಕ್ಸ್‌ಪಂಕ್ಷನ್’ ಮತ್ತು ‘ನಾನ್‌ಡಿಸ್‌ಕ್ಲೋಷರ್’ ಎಂಬ ಎರಡು ಬೇರೆ ಬೇರೆ ಆದೇಶಗಳಿವೆ (ಮೊದಲನೆಯದು ದಾಖಲೆ ಅಳಿಸುವುದು, ಎರಡನೆಯದು ಸಾರ್ವಜನಿಕರಿಂದ ಮರೆಮಾಡುವುದು), ಜನ ಎರಡನ್ನೂ ‘ಕ್ಲಿಯರ್ ಮಾಡಿಸಿದೆ’ ಎನ್ನುತ್ತಾರೆ. ಎಕ್ಸ್‌ಪಂಕ್ಷನ್ ನಿಯಮಗಳು 2025ರ ಜನವರಿ 1ರಿಂದ ಕೋಡ್ ಆಫ್ ಕ್ರಿಮಿನಲ್ ಪ್ರೊಸೀಜರಿನ 55ಎ ಅಧ್ಯಾಯದಲ್ಲಿವೆ. ಖುಲಾಸೆಯಾದವರಿಗೆ, ಆರೋಪವೇ ದಾಖಲಾಗದೆ ಉಳಿದವರಿಗೆ, ಇನ್ನು ಕೆಲವರಿಗೆ ಇದು ಸಿಗುತ್ತದೆ. ಕ್ಲಾಸ್ ಸಿ ಡಿಫರ್ಡಿಗೆ ಸಿಗುತ್ತದೆ, ಕ್ಲಾಸ್ ಎ ಮತ್ತು ಬಿ ಡಿಫರ್ಡಿಗೆ ಸಿಗುವುದಿಲ್ಲ. ಈ ಆದೇಶ ಸಿಕ್ಕಿದ ಮೇಲೆ ಅರೆಸ್ಟು ನಡೆದೇ ಇಲ್ಲ ಎಂದು ಹೇಳುವ ಹಕ್ಕನ್ನು ಟೆಕ್ಸಾಸ್ ಕಾನೂನೇ ಕೊಡುತ್ತದೆ. ಎಲ್‌ಟಿಸಿ ಅರ್ಜಿಯಲ್ಲಿ ಬರೆಯಬೇಕಿಲ್ಲ. ಆದರೆ ಆದೇಶವಾದ ದಿನವೇ ಎಲ್ಲ ಕಚೇರಿಗಳಲ್ಲೂ ಅಳಿದಿರುವುದಿಲ್ಲ. ಡಿಪಿಎಸ್ ಮತ್ತು ಎಫ್‌ಬಿಐ ದಾಖಲೆ ಮತ್ತೊಮ್ಮೆ ತರಿಸಿ ನೋಡಿ ಆಮೇಲೆ ಅರ್ಜಿ ಹಾಕಿ. ನಾನ್‌ಡಿಸ್‌ಕ್ಲೋಷರ್ ಆದೇಶ ಸಾರ್ವಜನಿಕರಿಗೆ ಮಾತ್ರ ಪರದೆ ಎಳೆಯುತ್ತದೆ. ಡಿಪಿಎಸ್‌ಗೆ ಎಲ್ಲವೂ ಕಾಣುತ್ತದೆ, ಅದರೊಳಗಿನ ಡಿಫರ್ಡ್ ಆದೇಶ ಎಲ್‌ಟಿಸಿ ಅರ್ಹತೆಯ ಲೆಕ್ಕಕ್ಕೂ ಬರುತ್ತದೆ. ಅರ್ಜಿಯಲ್ಲಿ ಹೇಗೆ ನಮೂದಿಸಬೇಕೆಂದು ಆ ಆದೇಶ ಕೊಡಿಸಿದ ವಕೀಲರನ್ನೇ ಕೇಳಿ.

ಪೌರರಾಗದವರು ಇಲ್ಲಿ ಒಂದು ಮುಖ್ಯ ಕೆಲಸ ಮಾಡಬೇಕು. ಪೌರತ್ವದ ಎನ್-400 ಅರ್ಜಿ ಅಳಿಸಿದ, ಮುಚ್ಚಿದ ಕೇಸುಗಳನ್ನೂ ಸೇರಿಸಿ ಕೇಳುತ್ತದೆ, ಜೊತೆಗೆ ಕೋರ್ಟಿನ ದೃಢೀಕೃತ ಪ್ರತಿಯನ್ನೂ ಬೇಡುತ್ತದೆ. ಎಕ್ಸ್‌ಪಂಕ್ಷನ್ ಆದ ಮೇಲೆ ಕ್ಲರ್ಕ್ ಬಳಿ ಹೋದರೆ ಅವರ ಬಳಿ ಕಡತವೇ ಇರುವುದಿಲ್ಲ. ಆದ್ದರಿಂದ ಅಳಿಸುವ ಅರ್ಜಿ ಹಾಕುವ ಮುನ್ನವೇ ಪ್ರತಿಗಳನ್ನು ಎರಡೆರಡು ಸೆಟ್ ತೆಗೆದಿಟ್ಟುಕೊಳ್ಳಿ. ಈಗಷ್ಟೇ ಕೇಸಿನಲ್ಲಿ ಸಿಲುಕಿರುವವರು ತಪ್ಪೊಪ್ಪಿಗೆಗೆ ಸಹಿ ಮಾಡುವ ಮುಂಚೆ ಇಮಿಗ್ರೇಶನ್ ಮೇಲೆ ಏನು ಪರಿಣಾಮ ಎಂದು ವಕೀಲರನ್ನು ಕೇಳಿ. ಅಮೆರಿಕದ ಸುಪ್ರೀಂ ಕೋರ್ಟಿನ 2010ರ ಪಡಿಲ್ಲ ತೀರ್ಪಿನ ನಂತರ ಆ ಸಲಹೆ ಕೊಡುವುದು ಅವರ ಕರ್ತವ್ಯ.

ಊರಿನ ಕೇಸುಗಳೂ ಇವೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ದಾಖಲಾದ ಎಫ್‌ಐಆರ್, ಮದುವೆ ಮುರಿದಾಗ ಬಿದ್ದ 498ಎ (2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು), ಹೈಕೋರ್ಟಿನಲ್ಲಿ ರದ್ದಾದ ಕೇಸು. ಭಾರತದ ಶಿಕ್ಷೆ ಅಮೆರಿಕದ ಫೆಡರಲ್ ಬಂದೂಕು ನಿಷೇಧಕ್ಕೆ ಲೆಕ್ಕವಿಲ್ಲ ಎಂದು 2005ರ ಸ್ಮಾಲ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಎನ್-400 ಪ್ರಪಂಚದ ಯಾವ ಮೂಲೆಯಲ್ಲಿ ಅರೆಸ್ಟಾಗಿದ್ದರೂ ಹೇಳಿ ಎನ್ನುತ್ತದೆ. ಎಲ್‌ಟಿಸಿ ಅರ್ಜಿಯಲ್ಲೂ ಅರೆಸ್ಟಾಗಿದ್ದರೆ ಬರೆದುಬಿಡುವುದು ಲೇಸು. ಬರೆದು ಕೆಟ್ಟದ್ದಕ್ಕಿಂತ, ಎರಡು ಸರ್ಕಾರಿ ಅರ್ಜಿಗಳಲ್ಲಿ ಎರಡು ಬಗೆಯಾಗಿ ಬರೆದು ಕೆಡುವುದೇ ಹೆಚ್ಚು. ರದ್ದತಿ ಆದೇಶದ ದೃಢೀಕೃತ ಪ್ರತಿ, ಆದೇಶ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ಪ್ರಮಾಣಪತ್ರ ಸಿದ್ಧವಿರಲಿ. ಊರಿಗೆ ಹೋದಾಗ ವಕೀಲರ ಮೂಲಕ ಕೋರ್ಟಿನ ನಕಲು ವಿಭಾಗದಿಂದ ಪಡೆದುಕೊಳ್ಳಿ. ಇಲ್ಲಿ ಕೂತು ತರಿಸುವುದು ಬಲು ನಿಧಾನ.

ಮುಚ್ಚಿಟ್ಟರೆ ಏನಾಗುತ್ತದೆ? ಮುಖ್ಯ ಸಂಗತಿಯನ್ನು ತಿರುಚುವುದು ಅಥವಾ ಹೇಳದಿರುವುದು 411.172ರಂತೆ ತಾನಾಗಿಯೇ ಅನರ್ಹತೆ. ಲೈಸೆನ್ಸ್ ಕೈಗೆ ಬಂದ ಮೇಲೆ ಗೊತ್ತಾದರೆ ರದ್ದಾಗುತ್ತದೆ, ರದ್ದಾದ ದಿನದಿಂದ 2 ವರ್ಷ ಹೊಸ ಅರ್ಜಿ ಹಾಕುವಂತಿಲ್ಲ. ಸರ್ಕಾರಿ ದಾಖಲೆಯಲ್ಲಿ ತಿಳಿದೂ ಸುಳ್ಳು ಬರೆಯುವುದು ಪೀನಲ್ ಕೋಡಿನ 37.10ರಡಿ ಅಪರಾಧ. ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ತುಂಬುವ ಫೆಡರಲ್ 4473 ಫಾರಂನಲ್ಲಿ ಸುಳ್ಳು ಬರೆದರೆ ಶಿಕ್ಷೆ 10 ವರ್ಷದವರೆಗೆ. ಎಲ್‌ಟಿಸಿ ಇದ್ದರೂ ಆ ಫಾರಂ ತುಂಬಲೇಬೇಕು. ಈಗಾಗಲೇ ಅರ್ಜಿ ಕಳಿಸಿ, ಏನೋ ಬಿಟ್ಟುಹೋಗಿದೆ ಎಂದು ಈ ಪತ್ರ ಓದುವಾಗ ಹೊಳೆದಿದ್ದರೆ ಅವರು ಕೇಳುವವರೆಗೆ ಕಾಯಬೇಡಿ. ವಕೀಲರನ್ನು ಕಂಡು, ಬಿಟ್ಟದ್ದನ್ನು ತಿದ್ದಿ ಕಾಗದದ ಸಮೇತ ಡಿಪಿಎಸ್‌ಗೆ ಕಳಿಸಿ.

ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಸುರಕ್ಷತೆಯ ಕಾರ್ಯಕ್ರಮವೆಂದು ಬಂದೂಕು ತರಬೇತುದಾರರನ್ನು ಕರೆಸುವುದಾದರೆ ಅದೇ ವೇದಿಕೆಗೆ ಒಬ್ಬ ಕ್ರಿಮಿನಲ್ ವಕೀಲರನ್ನೂ ಒಬ್ಬ ಇಮಿಗ್ರೇಶನ್ ವಕೀಲರನ್ನೂ ಕರೆಸಿ. ತರಬೇತುದಾರರು ಗುರಿ, ಸಂಗ್ರಹಣೆ, ಬಂದೂಕು ಕಾನೂನು ಚೆನ್ನಾಗಿ ಹೇಳಿಕೊಡುತ್ತಾರೆ. ‘ಆ ಕೇಸು ಬರೆಯಬೇಕಿಲ್ಲ’ ಎಂದು ಅವರು ಹೇಳಿದರೆ ನಿಮ್ಮನ್ನು ಅದು ಕಾಪಾಡುವುದಿಲ್ಲ, ಸಹಿ ನಿಮ್ಮದು. ರೇಂಜಿನ ಸಾಮೂಹಿಕ ಪ್ರವಾಸ ಏರ್ಪಡಿಸುವ ಮುನ್ನ ಬರುವವರಲ್ಲಿ ವೀಸಾದವರು ಎಷ್ಟಿದ್ದಾರೆ ಎಂಬುದನ್ನು ದಯವಿಟ್ಟು ವಿಚಾರಿಸಿ.

ಅರ್ಜಿ, ಬೆರಳಚ್ಚು, ತರಬೇತಿ ಪ್ರಮಾಣಪತ್ರ ಎಲ್ಲವೂ ಸೇರಿದ ಮೇಲೆ ಡಿಪಿಎಸ್‌ಗೆ 60 ದಿನ ಇದೆ. ಅಷ್ಟರೊಳಗೆ ಲೈಸೆನ್ಸ್ ಕೊಡಬೇಕು, ಇಲ್ಲವೇ ತಿರಸ್ಕರಿಸಬೇಕು, ಇಲ್ಲವೇ ನಿರ್ಧರಿಸಲು ಆಗಿಲ್ಲ ಎಂದು ಕಾರಣ ಸಹಿತ ತಿಳಿಸಬೇಕು. ಹೆಚ್ಚಿನ ಕಾಗದ ಕೇಳಿ ಬರುವ ಪತ್ರ ತಿರಸ್ಕಾರವಲ್ಲ. ಅದಕ್ಕೆ ಉತ್ತರಿಸದೆ ಬಿಟ್ಟು ಅರ್ಜಿ ಸಾಯಿಸಬೇಡಿ. ತಿರಸ್ಕಾರವೇ ಬಂದರೆ ನೋಟಿಸು ಕೈಸೇರಿದ 30 ದಿನದೊಳಗೆ ವಿಚಾರಣೆ ಬೇಕೆಂದು ಲಿಖಿತವಾಗಿ ಡಿಪಿಎಸ್‌ಗೆ ಕೇಳಬೇಕು. ವಿಚಾರಣೆ ನಿಮ್ಮ ಕೌಂಟಿಯ ಜಸ್ಟಿಸ್ ಕೋರ್ಟಿನಲ್ಲಿ ನಡೆಯುತ್ತದೆ. ಅಲ್ಲಿನ ಪ್ರಶ್ನೆ ಒಂದೇ, ಡಿಪಿಎಸ್ ನಿರ್ಧಾರಕ್ಕೆ ಸಾಕ್ಷ್ಯದ ತೂಕ ಇದೆಯೇ ಎಂಬುದು. 5 ವರ್ಷದ ಎಣಿಕೆ ತಪ್ಪಾಗಿದ್ದರೆ, ಕೇಸು ಬೇರೆಯವರದ್ದಾಗಿದ್ದರೆ, ಮುಗಿದ ಕೇಸನ್ನು ಬಾಕಿ ಎಂದು ತಿಳಿದಿದ್ದರೆ, ಮುದ್ರೆಯ ಪ್ರತಿಯೊಂದಿಗೆ ಅಲ್ಲಿ ಗೆಲ್ಲುವ ಅವಕಾಶ ನಿಜಕ್ಕೂ ಇದೆ. ಸೋತರೆ ಮತ್ತೆ 30 ದಿನದೊಳಗೆ ಕೌಂಟಿ ಕೋರ್ಟಿಗೆ ಮೇಲ್ಮನವಿ. ನೋಟಿಸು ಬಂದ ಲಕೋಟೆಯನ್ನು ಬಿಸಾಡಬೇಡಿ, ಅದರ ಮೇಲೆ ಕೈಸೇರಿದ ದಿನಾಂಕ ಬರೆದಿಟ್ಟುಕೊಳ್ಳಿ.

ಇಂತಿ ನಿಮ್ಮ ಹಿತೈಷಿಗಳು,
ಟೆಕ್ಸಾಸ್‌ನ ಕೆಲವು ಕನ್ನಡಿಗರು